ಕಪ್ ‘ನಮ್ದು’ ಎನ್ನುವಾಗ ಆ ‘ನಾವು’ ಯಾರು?

ಸೋಲುತ್ತಲೇ ಇರುವ ತಂಡವೊಂದರ ಬೆನ್ನಿಗೆ ವರ್ಷಗಟ್ಟಲೆ ನಿಲ್ಲುವುದು ನಿಷ್ಠೆಯೋ, ಮಂಕುತನವೋ? ಮೇಲುನೋಟಕ್ಕೆ ಇದು ಆಟದ ಹುಚ್ಚಿರುವವರಿಗೆ ಬಿಟ್ಟ ಪ್ರಶ್ನೆ. ಸ್ವಲ್ಪ ಕೆದಕಿದರೆ ಕಾಣುವುದೇ ಬೇರೆ. ಏನನ್ನೂ ಕೊಡದ ಒಂದರ ಜೊತೆ ಮನುಷ್ಯ ಯಾಕೆ ಅಂಟಿಕೊಂಡಿರುತ್ತಾನೆ, ‘ನಮ್ಮದು’ ಎಂಬ ಮಾತಿಗೆ ಅರ್ಥ ಎಲ್ಲಿಂದ ಬರುತ್ತದೆ, ನಮ್ಮವರನ್ನು ಪ್ರೀತಿಸಲು ಎದುರಿನವರನ್ನು ದ್ವೇಷಿಸಲೇಬೇಕೇ ಎಂಬ ಹಳೆಯ ಪ್ರಶ್ನೆಗಳೆಲ್ಲ ಇದರ ಹಿಂದೆ ಸಾಲುಗಟ್ಟಿ ನಿಂತಿವೆ. ಕನ್ನಡಿಗರ ಪಾಲಿಗೆ ಈ ಪ್ರಶ್ನೆಗಳಿಗೆ ಹದಿನೆಂಟು ವರ್ಷ ಒಂದು ಹೆಸರಿತ್ತು: ಆರ್‌ಸಿಬಿ.

ಮೊದಲು ಸೋಲಿನ ಲೆಕ್ಕ ನೋಡೋಣ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬನೇ ಔಟಾಗದೆ 158 ಹೊಡೆದ. ಬೆಂಗಳೂರು ತಂಡ ಇಡಿಯಾಗಿ ಗಳಿಸಿದ್ದು 82. ಅದರಲ್ಲೂ ದೊಡ್ಡ ಪಾಲು ಇತರೆ ರನ್‌ಗಳದ್ದು, 19. ಮರುವರ್ಷ ಜೋಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನ ಸೋಲು. 2011ರ ಫೈನಲ್‌ನಲ್ಲಿ ಚೆನ್ನೈ ಎದುರು 58 ರನ್ನಿನ ಸೋಲು. 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದ. ಫೈನಲ್ ನಮ್ಮದೇ ಅಂಗಳದಲ್ಲಿತ್ತು, ಮೊದಲ ವಿಕೆಟ್ಟಿಗೇ 114 ರನ್ ಬಂದಿತ್ತು, ಆದರೂ ಹೈದರಾಬಾದ್ ಎದುರು 8 ರನ್ನಿನಿಂದ ಸೋತೆವು. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ 175 ಹೊಡೆದು ತಂಡ 263 ಗಳಿಸಿತ್ತು. ಸರಿಯಾಗಿ ನಾಲ್ಕು ವರ್ಷದ ಮೇಲೆ ಅದೇ ಏಪ್ರಿಲ್ 23ರಂದು ಇದೇ ತಂಡ ಕೋಲ್ಕತ್ತದಲ್ಲಿ 49ಕ್ಕೆ ಆಲ್ ಔಟ್. ಒಬ್ಬರೂ ಎರಡಂಕಿ ಮುಟ್ಟಲಿಲ್ಲ.

ಇಷ್ಟಾದರೂ ಪ್ರತಿ ಬೇಸಿಗೆಯೂ ‘ಈ ಸಲ ಕಪ್ ನಮ್ದೆ’ ಎಂಬ ಕೂಗು ಎದ್ದೇ ಏಳುತ್ತಿತ್ತು. ಬೆಂಗಳೂರಿನಲ್ಲಷ್ಟೇ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಸೀಮೆಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೆ ಕಾಲಿಟ್ಟವರು ಊರಿಗೆ ಬೆರಳೆಣಿಕೆಯಷ್ಟು ಸಿಕ್ಕಾರು. ಬಲಸಮುದ್ರದ ಕಡೆಯ ಹುಡುಗರಿಗೆ ಟಿಕೆಟ್ಟಿನ ದುಡ್ಡು ಒಂದು ಕಷ್ಟ, ರಾತ್ರಿ ಪಂದ್ಯ ಮುಗಿಸಿಕೊಂಡು ವಾಪಸು ಬರುವ ಬಸ್ಸು ಇನ್ನೊಂದು ಕಷ್ಟ. ಆದರೂ ಚಹಾದಂಗಡಿಯಲ್ಲಿ ಮಾತು ಹೀಗೇ ನಡೆಯುತ್ತಿತ್ತು: “ಏನಣ್ಣ, ಈ ಸಲನೂ ಹೋಯ್ತಾ?” “ಹೋದ್ರೆ ಹೋಗ್ಲಿ ಬಿಡಪ್ಪ, ಮುಂದಿನ್ ಸಲ ನಮ್ದೆ.”

ಈ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡುವವರು ಒಂದು ವಿಷಯ ಗಮನಿಸಿರುವುದಿಲ್ಲ. ಇದನ್ನು ಹೇಳುವವನು ಹೇಳುವಾಗಲೇ ನಗುತ್ತಿರುತ್ತಾನೆ. ಆ ಘೋಷಣೆಯನ್ನು ಮೊದಮೊದಲು ಗಂಭೀರವಾಗಿ ಕೂಗಿದವರೇ ಮುಂದೆ ಅದನ್ನು ತಮ್ಮ ಮೇಲಿನ ನಗೆಚಾಟಿಕೆಯಾಗಿ ಮಾಡಿಕೊಂಡರು. ಮೋಸಹೋದವನಿಗೆ ತನ್ನ ನಂಬಿಕೆಯನ್ನು ಗೇಲಿ ಮಾಡಿಕೊಳ್ಳಲು ಬರುವುದಿಲ್ಲ. ಗೇಲಿ ಮಾಡಿಕೊಂಡೂ ಬಿಡದೆ ಇರುವವನು ಮೋಸಹೋದವನಲ್ಲ, ಅವನು ಬೇರೇನನ್ನೋ ಮಾಡುತ್ತಿದ್ದಾನೆ.

ಏನದು? ನಮ್ಮ ಕಡೆಯ ಮಳೆಯಾಶ್ರಿತ ಬೇಸಾಯ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಇಲ್ಲಿ ಮುಂಗಾರಿನಲ್ಲಿ ಕಡ್ಲೆಕಾಯಿ ಬಿತ್ತುವವನು ಮಳೆ ಬಂದೇ ಬರುತ್ತದೆ ಎಂದು ನಂಬಿ ಬಿತ್ತುವುದಿಲ್ಲ. ಎಷ್ಟು ಸಲ ಕೈಕೊಟ್ಟಿದೆ ಎಂಬ ಲೆಕ್ಕ ಅವನಿಗೆ ಹವಾಮಾನ ಇಲಾಖೆಗಿಂತ ಚೆನ್ನಾಗಿ ಗೊತ್ತು. ಮಳೆ ಬಂದರೆ ನೆಲದಲ್ಲಿ ಬೀಜ ಇರಬೇಕು, ಅದಕ್ಕೆ ಬಿತ್ತುತ್ತಾನೆ. ನಿರೀಕ್ಷೆ ಬೇರೆ, ಆಸೆ ಬೇರೆ. ನಿರೀಕ್ಷೆಗೆ ಲೆಕ್ಕಾಚಾರ ಬೇಕು, ಲೆಕ್ಕ ತಪ್ಪಿದರೆ ಅದು ಮುರಿದುಬೀಳುತ್ತದೆ. ಆಸೆಯೆಂದರೆ ಬಂದದ್ದನ್ನು ಬರಮಾಡಿಕೊಳ್ಳುವಂತೆ ನಮ್ಮನ್ನು ನಾವು ಅಣಿಯಾಗಿ ಇಟ್ಟುಕೊಳ್ಳುವುದು. ಕೆರೆ ಕಟ್ಟಿಸಿದ ಊರಿಗೆ ‘ಸಮುದ್ರ’ ಎಂದು ಹೆಸರಿಡುವುದು ಈ ನಾಡಿನ ಹಳೆಯ ರೂಢಿ. ಬಲಸಮುದ್ರದ ಹೆಸರಿನಲ್ಲೂ ಅದಿದೆ. ಒಂದು ವರ್ಷ ಕೆರೆ ತುಂಬಲಿಲ್ಲವೆಂದು ಯಾರೂ ಊರಿನ ಹೆಸರು ಬದಲಾಯಿಸುವುದಿಲ್ಲ.

ಆದರೆ ಇಲ್ಲೊಂದು ಗಟ್ಟಿ ಆಕ್ಷೇಪ ಇದೆ. ರೈತನಿಗೆ ಹೊಲ ಸ್ವಂತದ್ದು. ಅಭಿಮಾನಿಗೆ ತಂಡದಲ್ಲಿ ಸ್ವಂತದ್ದು ಏನಿದೆ? ತಂಡ ಒಂದು ಕಂಪನಿಯ ಆಸ್ತಿ. ಆಟಗಾರರು ಹರಾಜಿನಲ್ಲಿ ಬಂದವರು, ಮುಂದಿನ ಹರಾಜಿನಲ್ಲಿ ಹೋಗುವವರು. ಬೆಂಗಳೂರಿನ ಅಂಗಳದಲ್ಲೇ ಬೆಳೆದ ಕೆ.ಎಲ್. ರಾಹುಲ್ 2025ರ ಏಪ್ರಿಲ್ 10ರಂದು ಅದೇ ಚಿನ್ನಸ್ವಾಮಿಯಲ್ಲಿ ದೆಹಲಿ ತಂಡದ ಪರವಾಗಿ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, ಇದು ನನ್ನ ಜಾಗ ಎಂಬಂತೆ ಬ್ಯಾಟನ್ನು ನೆಲಕ್ಕೂರಿದ. ‘ಕಾಂತಾರ’ ಸಿನಿಮಾದಿಂದ ಎತ್ತಿಕೊಂಡ ಭಂಗಿ ಅದು. ಆ ರಾತ್ರಿ ನಮ್ಮವನು ಯಾರು? ಬೆಂಗಳೂರಿನ ಹೆಸರು ಹೊತ್ತ ಹೊರಗಿನವರೋ, ಹೊರಗಿನ ಹೆಸರು ಹೊತ್ತ ಬೆಂಗಳೂರಿನವನೋ?

ಕನ್ನಡದಲ್ಲಿ ನಿಷ್ಠೆಯ ಮಾತು ಬಂದಾಗ ಮೊದಲು ನೆನಪಾಗುವವನು ಕರ್ಣ. ಸೋಲುವ ಪಕ್ಷವೆಂದು ಗೊತ್ತಿದ್ದೂ, ಎದುರಿಗಿರುವವರು ಒಡಹುಟ್ಟಿದವರೆಂದು ತಿಳಿದೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಅವನ ನಿಷ್ಠೆಗೆ ಆಧಾರವಾಗಿ ಒಂದು ಋಣವಿತ್ತು. ಎಲ್ಲರೂ ಹೀಗಳೆದಾಗ ಕೈಹಿಡಿದು ಅಂಗರಾಜ್ಯ ಕೊಟ್ಟವನು ದುರ್ಯೋಧನ. ಅಭಿಮಾನಿಗೆ ತಂಡದಿಂದ ಬಂದ ಋಣವೇ ಇಲ್ಲ. ಅವನು ದುಡ್ಡು ಕೊಟ್ಟು ಜೆರ್ಸಿ ತೊಟ್ಟವನು. ಹಾಗಿದ್ದಮೇಲೆ ಕರ್ಣನ ನಿಷ್ಠೆಯ ಮಾತು ಇಲ್ಲಿ ಹೊಂದುವುದಿಲ್ಲ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದಕ್ಕೆ ಹತ್ತಿರದ ಒಂದು ಕಥೆಯಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ತಂಡ ಅಂತಿಮ ಸರಣಿಗಳಲ್ಲಿ ಮತ್ತೆ ಮತ್ತೆ, ಹೆಚ್ಚಾಗಿ ಅದೇ ಊರಿನ ಯಾಂಕೀಸ್ ಎದುರು, ಸೋಲುತ್ತಿತ್ತು. ‘ಬರುವ ವರ್ಷ ನೋಡ್ಕೊಳ್ಳಿ’ ಎಂಬರ್ಥದ ಮಾತು ಅಲ್ಲಿನವರ ಬಾಯಲ್ಲಿ ಗಾದೆಯಾಗಿತ್ತು. ನಮ್ಮ ಘೋಷಣೆಯ ಅಣ್ಣನೇ ಅದು ಎನ್ನಬಹುದು. 1955ರಲ್ಲಿ ಕೊನೆಗೂ ಗೆದ್ದರು. 1957ರ ಋತು ಮುಗಿದದ್ದೇ ಮಾಲೀಕರು ತಂಡವನ್ನು ಇಡಿಯಾಗಿ ಲಾಸ್ ಏಂಜಲೀಸ್‌ಗೆ ಕೊಂಡೊಯ್ದರು. ತಂಡದ ಹೆಸರು ಮುಂದುವರಿಯಿತು, ಬ್ರೂಕ್ಲಿನ್‌ನ ಜನ ಮಾತ್ರ ಹಿಂದೆ ಉಳಿದರು. ‘ನಮ್ಮದು’ ಎಂದು ಕೂಗಿದವರ ಹತ್ತಿರ ಅದು ತಮ್ಮದೆನ್ನಲು ಒಂದು ತುಂಡು ಕಾಗದವೂ ಇರಲಿಲ್ಲ.

ಹಾಗಾದರೆ ಅವರದ್ದು ಎಂಬುದು ಏನೂ ಇರಲಿಲ್ಲವೇ? ನನಗೆ ಹಾಗೆನಿಸುವುದಿಲ್ಲ. ಕಂಪನಿ ಕೊಂಡೊಯ್ಯಲಾರದ ಒಂದು ಸಂಗತಿ ಅಲ್ಲಿತ್ತು. ಒಟ್ಟಿಗೆ ಕಾದದ್ದು. ಬೇರೆ ಬೇರೆ ಜಾತಿಯ, ಕಸುಬಿನ, ವಯಸ್ಸಿನ ಜನ ಒಂದೇ ಸಂಜೆ ಒಂದೇ ಕಾರಣಕ್ಕೆ ಸಪ್ಪೆಮುಖ ಹಾಕಿಕೊಳ್ಳುವುದು ಸಣ್ಣ ವಿಷಯವಲ್ಲ. ನಮ್ಮ ಊರುಗಳಲ್ಲಿ ಇಂಥ ಸಂದರ್ಭಗಳು ಕಡಿಮೆ. ಜಾತ್ರೆಯಲ್ಲೂ ತೇರಿನ ಹಗ್ಗ ಮೊದಲು ಯಾರು ಮುಟ್ಟಬೇಕು ಎಂಬ ಲೆಕ್ಕ ಇರುತ್ತದೆ. ಕೊನೆಯ ಓವರಿನಲ್ಲಿ ಉಗುರು ಕಚ್ಚಲು ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಅಭಿಮಾನಿಯ ನಿಷ್ಠೆ ಕಂಪನಿಗೆ ಸಲ್ಲುವುದಲ್ಲ, ಆಟಗಾರನಿಗೂ ಪೂರ್ತಿ ಸಲ್ಲುವುದಲ್ಲ. ಅದು ಜೊತೆಯಲ್ಲಿ ಕಾಯುವವರಿಗೆ ಸಲ್ಲುವುದು. ಗೆಲ್ಲುವ ತಂಡಕ್ಕೆ ಜಿಗಿಯುವವನನ್ನು ನಾವು ಹಗುರವಾಗಿ ಕಾಣುವುದು ಅದಕ್ಕೇ. ಅವನು ತಂಡಕ್ಕೆ ದ್ರೋಹ ಮಾಡಿದ ಎಂದಲ್ಲ, ತಂಡಕ್ಕೆ ಅವನ ಪರಿಚಯವೇ ಇಲ್ಲ. ನಮ್ಮ ಜೊತೆ ಕೂತು ಕಾಯುವುದನ್ನು ಬಿಟ್ಟುಹೋದ ಎಂದು.

ಹೀಗೆ ಒಂದು ಪಕ್ಷ ಹಿಡಿಯುವುದೇ ತಪ್ಪು ಎನ್ನುವವರೂ ಇದ್ದಾರೆ. ನಿಜವಾದ ರಸಿಕ ಒಳ್ಳೆಯ ಆಟ ಯಾರದಾದರೂ ಮೆಚ್ಚುತ್ತಾನೆ, ಪಕ್ಷ ಹಿಡಿದವನ ಕಣ್ಣಿಗೆ ಪೊರೆ ಬಂದಿರುತ್ತದೆ ಎಂದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಯಾರು ಗೆದ್ದರೂ ಸರಿ ಎಂಬವನಿಗೆ ಕೊನೆಯ ಓವರು ಬರೀ ಆರು ಎಸೆತ. ಆ ಆರು ಎಸೆತಕ್ಕೆ ಉಸಿರು ಕಟ್ಟಬೇಕಾದರೆ ಏನಾದರೊಂದನ್ನು ಪಣಕ್ಕಿಟ್ಟಿರಬೇಕು. ಪಕ್ಷವಿಲ್ಲದೆ ರಸವಿಲ್ಲ. ಹಾಗಿರುವಾಗ ಪಕ್ಷ ಹಿಡಿದೂ ನ್ಯಾಯ ಬಿಡದೆ ಇರಲು ಸಾಧ್ಯವೇ ಎಂದು ಕೇಳಿಕೊಳ್ಳಬೇಕು.

ಸಾಧ್ಯ ಎಂಬುದಕ್ಕೆ ನಮ್ಮ ಭಾಷೆಯಲ್ಲೇ ಸಾವಿರ ವರ್ಷದ ಸಾಕ್ಷಿಯಿದೆ. ಹತ್ತನೆಯ ಶತಮಾನದಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ. ಅವನ ಪಕ್ಷ ಯಾವುದೆಂಬುದರಲ್ಲಿ ಗುಟ್ಟೇ ಇರಲಿಲ್ಲ. ಆದರೂ ಕಾವ್ಯ ಓದಿದವರ ಮನಸ್ಸಿನಲ್ಲಿ ಎದ್ದು ನಿಲ್ಲುವವನು ಅರ್ಜುನನ ವೈರಿ ಕರ್ಣ. ರನ್ನ ಭೀಮನನ್ನು ನಾಯಕನನ್ನಾಗಿಸಿ ‘ಸಾಹಸಭೀಮ ವಿಜಯ’ ಬರೆದ. ಅದರಲ್ಲೂ ದುರ್ಯೋಧನನ ಘನತೆಗೆ ಕುಂದು ಬರಲಿಲ್ಲ. ಇಬ್ಬರೂ ಗೆದ್ದವರ ಕಡೆ ನಿಂತು ಬರೆದವರು. ಎದುರಾಳಿಯನ್ನು ಕುಗ್ಗಿಸಿದರೆ ತಮ್ಮವನ ಗೆಲುವೂ ಕುಗ್ಗುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಕ್ರೀಡೆಯಲ್ಲೂ ಇದೇ ಸತ್ಯ. 1973-74ರಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ತಂಡ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಮಣಿಸಿ, ಮುಂದೆ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ಆ ಸೆಮಿಫೈನಲ್ ಇಂದಿಗೂ ಯಾಕೆ ನೆನಪಿನಲ್ಲಿದೆ? ಬಾಂಬೆ ಅದಕ್ಕೆ ಮೊದಲು ಸತತ 15 ಸಲ ಗೆದ್ದಿತ್ತು ಎಂಬ ಕಾರಣಕ್ಕೆ. ಎದುರಾಳಿಯ ದೊಡ್ಡತನವೇ ಆ ಗೆಲುವಿನ ತೂಕ. ಅದೇ ಎದುರಾಳಿ 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಅಂಗಳದ ರಣಜಿ ಫೈನಲ್‌ನಲ್ಲಿ ನಮ್ಮನ್ನು 6 ರನ್ನಿನಿಂದ ಸೋಲಿಸಿತು. ಮನೀಶ್ ಪಾಂಡೆಯ 144 ರನ್ ವ್ಯರ್ಥವಾಯಿತು ಎನ್ನುವವರಿದ್ದಾರೆ. ಆ ಪಂದ್ಯ ಬಲ್ಲವರು ಹಾಗೆನ್ನಲಾರರು. 2009ರ ಐಪಿಎಲ್ ಫೈನಲ್‌ನಲ್ಲೂ ಸೋತ ತಂಡದ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು.

ಇನ್ನೂ ಮುಂದೆ ಹೋದವರು ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 1980ರಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ಎದುರಿನ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅವರೇ ಭಾರತದ ನಾಯಕ. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡು ತತ್ತರಿಸುತ್ತಿತ್ತು. ಅಂಪೈರ್ ಬಾಬ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎನಿಸಿದ ವಿಶ್ವನಾಥ್ ಅವರನ್ನು ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ನಿಂದ ಸೋತಿತು. ಅಂದು ಭಾರತದ ಪರ ಇದ್ದವನಿಗೆ ಹೊಟ್ಟೆ ಉರಿದಿರಬಹುದು. ಆದರೆ ಅಷ್ಟು ವರ್ಷಗಳ ಮೇಲೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ಸೋಲನ್ನೇ. ಗೆಲ್ಲಬೇಕು ಎನ್ನುವುದಕ್ಕಿಂತ, ಗೆದ್ದರೆ ಅದು ನಮ್ಮದೆನ್ನಲು ನಾಚಿಕೆಯಾಗದಂತೆ ಗೆಲ್ಲಬೇಕು ಎಂಬ ಆಸೆ ದೊಡ್ಡದು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನಾವು ಕಂಡಿದ್ದೇವೆ. ಬೆಂಗಳೂರು-ಚೆನ್ನೈ ಪಂದ್ಯ ಬಂದಾಗ ಮೊಬೈಲ್ ತೆರೆದರೆ ಸಾಕು, ಆಟದ ಮಾತು ಎರಡು ಸಾಲು, ಉಳಿದದ್ದು ಭಾಷೆ, ಬಣ್ಣ, ಊಟ, ತಾಯಿ-ತಂಗಿಯರ ಮೇಲಿನ ಬೈಗುಳ. ಕಾವೇರಿಯ ಕಾವು ಕ್ರೀಡಾಂಗಣಕ್ಕೂ ಹರಿದಿದೆ. 2018ರಲ್ಲಿ ಕಾವೇರಿ ಪ್ರತಿಭಟನೆಯ ಕಾರಣಕ್ಕೆ ಚೆನ್ನೈ ತಂಡದ ತವರಿನ ಪಂದ್ಯಗಳನ್ನು ಪುಣೆಗೆ ಒಯ್ಯಬೇಕಾಯಿತು. ನೀರಿನ ಜಗಳಕ್ಕೆ ಅದರದೇ ನ್ಯಾಯ ಅನ್ಯಾಯಗಳಿವೆ, ಅದನ್ನು ತೂಗಲು ಬೇರೆ ತಕ್ಕಡಿ ಬೇಕು. ಕ್ಯಾಚು ಕೈಬಿಟ್ಟ ಆಟಗಾರನಿಂದ ಆ ಲೆಕ್ಕ ವಸೂಲಿ ಮಾಡಲಾಗದು.

ಗಡಿಸೀಮೆಯ ನಮಗೆ ಇದು ಇನ್ನೂ ಹತ್ತಿರದ ವಿಷಯ. ಪಾವಗಡದ ಸುತ್ತ ಬಹುಪಾಲು ಆಂಧ್ರವೇ. ಮಧುಗಿರಿಯಿಂದ ಹಿಂದೂಪುರ, ಮಡಕಶಿರಾಗಳಿಗೆ ದಿನಬೆಳಗಾದರೆ ಹೋಗಿಬರುವವರಿದ್ದಾರೆ. ಇಲ್ಲಿನ ಹೆಣ್ಣು ಅಲ್ಲಿಗೆ, ಅಲ್ಲಿನ ಗಂಡು ಇಲ್ಲಿಗೆ. ಒಂದೇ ಮನೆಯಲ್ಲಿ ಅಜ್ಜಿಗೆ ತೆಲುಗು, ಮೊಮ್ಮಗಳಿಗೆ ಕನ್ನಡ. 2009ರಲ್ಲೂ 2016ರಲ್ಲೂ ನಮ್ಮನ್ನು ಫೈನಲ್‌ನಲ್ಲಿ ಸೋಲಿಸಿದ್ದು ಹೈದರಾಬಾದಿನ ತಂಡಗಳೇ. ಇಂಥ ಕಡೆ ಎದುರಾಳಿ ಎಂದರೆ ಹಬ್ಬಕ್ಕೆ ಮನೆಗೆ ಬರುವ ಸೋದರಮಾವ. “ಏನ್ ಮಾವ, ಈ ಸಲ ನೀವೇ ತಗೊಂಡು ಹೋದ್ರಲ್ಲ” ಎಂದು ಕೆಣಕಬಹುದು, ತಟ್ಟೆ ಎಳೆದುಕೊಳ್ಳಲಾಗದು. ಅಮೆರಿಕದ ತತ್ತ್ವಜ್ಞಾನಿ ಜೊಸಯಾ ರಾಯ್ಸ್ 1908ರಲ್ಲಿ ನಿಷ್ಠೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನ ಮುಖ್ಯ ವಿಚಾರ ಇಷ್ಟು: ನನ್ನ ನಿಷ್ಠೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು, ಅದು ಇನ್ನೊಬ್ಬನ ನಿಷ್ಠೆಯನ್ನು ಗೌರವಿಸುತ್ತದೆಯೋ ತುಳಿಯುತ್ತದೆಯೋ ನೋಡಬೇಕು. ಸೋದರಮಾವನ ತಟ್ಟೆಯ ನ್ಯಾಯವೂ ಇದೇ.

ಸೋತು ಅಭ್ಯಾಸವಾದವರಿಗೆ ಇದು ಕಲಿಯಲು ಸುಲಭ. 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನ ನಾಯಕತ್ವದ ಹೆಣ್ಣುಮಕ್ಕಳು ದೆಹಲಿಯಲ್ಲಿ ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದುಕೊಟ್ಟರು. ಕನ್ನಡತಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗಂಡಸರ ಸರದಿ. ಆರ್‌ಸಿಬಿ 190, ಪಂಜಾಬ್ 184. ಮತ್ತೆ ಅದೇ 6 ರನ್, ಈ ಸಲ ನಮ್ಮ ಕಡೆ. ಸಂಭ್ರಮದ ನಡುವೆ ಒಂದು ಮಾತು ಹಲವರ ಗಮನಕ್ಕೆ ಬರಲಿಲ್ಲ. ಪಂಜಾಬ್ ತಂಡವೂ 2008ರಿಂದ ಆಡುತ್ತಿದೆ, ಅವರಿಗೂ ಒಂದೂ ಕಪ್ ಬಂದಿರಲಿಲ್ಲ. ನಾವು ಕಾದಷ್ಟೇ ಅವರೂ ಕಾದಿದ್ದರು. ಆ ರಾತ್ರಿ ಪಂಜಾಬಿನ ಒಂದು ಚಹಾದಂಗಡಿಯಲ್ಲಿ ಏನು ಮಾತು ನಡೆದಿರಬಹುದು ಎಂದು ಬಾಯಿಪಾಠವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನಾವೇ.

ಮರುದಿನ ಜೂನ್ 4. ಗೆದ್ದ ತಂಡವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿದರು. ಗೇಟುಗಳ ಬಳಿ ಕಾಲ್ತುಳಿತವಾಯಿತು. 11 ಜನ ಸತ್ತರು. ಹೆಚ್ಚಿನವರು ಎಳೆಯರು. ಹದಿನೆಂಟು ವರ್ಷ ಕಾದ ಗೆಲುವಿಗೆ ಒಂದು ದಿನವೂ ತುಂಬಿರಲಿಲ್ಲ.

ಯಾರ ತಪ್ಪು ಎಷ್ಟು ಎಂಬುದನ್ನು ತನಿಖೆ, ನ್ಯಾಯಾಲಯಗಳು ತೀರ್ಮಾನಿಸಬೇಕು. ಅಭಿಮಾನಿಗಳಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ. ‘ಕಪ್ ನಮ್ದು’ ಎಂದವರು ನಾವು. ಹಾಗಾದರೆ ಆ ಹನ್ನೊಂದು ಜನ ಯಾರವರು? ಬ್ಯಾಟು ಹಿಡಿದವರು ಹರಾಜಿನಲ್ಲಿ ಬಂದವರು, ಕಪ್ ಕಂಪನಿಯ ಗಾಜಿನ ಕಪಾಟಿಗೆ ಸೇರುವುದು. ಇಡೀ ಕಥೆಯಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದೆ ‘ನಮ್ಮವರು’ ಎನ್ನಬಹುದಾದವರು ನಮ್ಮ ಜೊತೆ ಕಾದವರು. ಅವರಲ್ಲೇ ಹನ್ನೊಂದು ಜನ ಗೇಟಿನ ಬಳಿ ಬಿದ್ದರು. ಅವರ ಪೈಕಿ ಯಾರೂ ಆಟ ಆಡಿದವರಲ್ಲ, ಸಂಭಾವನೆ ಪಡೆದವರಲ್ಲ. ಕೆಂಪು ಜೆರ್ಸಿ ತೊಟ್ಟು, ಒಂದು ಸಲ ಕಣ್ಣಾರೆ ನೋಡಿಬರೋಣ ಎಂದು ಮನೆಯಲ್ಲಿ ಹೇಳಿಯೋ ಹೇಳದೆಯೋ ಹೊರಟವರು.

ಆಮೇಲಿನ ದಿನಗಳಲ್ಲಿ ಎರಡು ಬಗೆಯ ಮಾತು ಕೇಳಿಬಂತು. ಅಷ್ಟು ಜನದ ನಡುವೆ ಹೋಗಿದ್ದೇ ತಪ್ಪು, ಆಟಕ್ಕಾಗಿ ಯಾರಾದರೂ ಸಾಯುತ್ತಾರಾ ಎಂಬುದು ಒಂದು. ಇದನ್ನು ಹೇಳಿದವರಲ್ಲಿ ಹಿಂದಿನ ರಾತ್ರಿ ಪಟಾಕಿ ಹಚ್ಚಿದವರೂ ಇದ್ದರು. ಪಾಪ, ಹೋದರು, ಆದರೆ ಕಪ್ ಬಂತಲ್ಲ ಎಂಬುದು ಇನ್ನೊಂದು. ಎರಡರಲ್ಲೂ ‘ನಾವು’ ಎಂಬುದು ಸದ್ದಿಲ್ಲದೆ ‘ಅವರು’ ಆಗಿಬಿಟ್ಟಿದೆ. ಗೆಲುವು ಹಂಚಿಕೊಳ್ಳುವಾಗ ಲಕ್ಷಾಂತರ ಜನ, ಸಾವು ಬಂದಾಗ ಹನ್ನೊಂದು ಮನೆಗಳು ಮಾತ್ರ. ಇದು ನಿಷ್ಠೆಯಾಗಲಾರದು. ಸೋಲನ್ನು ಒಟ್ಟಿಗೆ ಹೊತ್ತ ಜನಕ್ಕೆ ಈ ದುಃಖವನ್ನು ಒಟ್ಟಿಗೆ ಹೊರಲು ಬಾರದಿದ್ದರೆ ಹದಿನೆಂಟು ವರ್ಷ ಕಲಿತದ್ದಾದರೂ ಏನು?

ಹೊರುವುದೆಂದರೆ ಮೇಣದಬತ್ತಿ ಹಚ್ಚಿ ಚಿತ್ರ ಹಾಕುವುದಷ್ಟೇ ಅಲ್ಲ. ಮುಂದಿನ ಸಲ ಸಂಭ್ರಮಕ್ಕೆ ಕರೆ ಬಂದಾಗ, ಬಾಗಿಲು ಎಷ್ಟಿವೆ, ಒಳಗೆ ಜಾಗ ಎಷ್ಟಿದೆ, ನೂಕುನುಗ್ಗಲಾದರೆ ದಾರಿ ಯಾವುದು ಎಂದು ಕೇಳುವುದು. ಗುಂಪಿನಲ್ಲಿ ಮುಂದಿರುವವನನ್ನು ತಳ್ಳದೆ ನಿಲ್ಲುವುದು. ನಮ್ಮ ಪ್ರೀತಿಯನ್ನು ಮಾರಾಟದ ಸರಕಾಗಿ ನೋಡುವವರಿಗೆ, ಪ್ರೀತಿಸುವವರ ಜೀವಕ್ಕೂ ಬೆಲೆಯಿದೆ ಎಂದು ನೆನಪಿಸುವುದು. ‘ನಮ್ದು’ ಎನ್ನುವ ಹಕ್ಕಿನ ಜೊತೆ ಈ ಹೊಣೆಯೂ ಬರುತ್ತದೆ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸೋಲುವ ತಂಡದ ಬೆನ್ನಿಗೆ ನಿಲ್ಲುವುದು ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ನಮ್ಮನ್ನು ಏನು ಮಾಡುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ನಗುತ್ತಾ ಕಾಯಲು, ಎದುರಾಳಿಯ ದೊಡ್ಡತನ ಒಪ್ಪಲು, ಜೊತೆಗಾರನ ಕಷ್ಟವನ್ನು ನಮ್ಮದೆನ್ನಲು ಕಲಿಸಿದರೆ ಅದು ನಿಷ್ಠೆ. ಇಲ್ಲವಾದರೆ ದುಡ್ಡು ಕೊಟ್ಟು ಕೊಂಡ ಗಲಾಟೆ. ಆರ್‌ಸಿಬಿಯ ಅಭಿಮಾನಿ ತನ್ನ ತಂಡದ ಲೆಕ್ಕವನ್ನು ನಿದ್ದೆಯಲ್ಲೂ ಹೇಳಬಲ್ಲ: 82, 49, 263, 973, 190. ಆ ಸಾಲಿನ ಕೊನೆಯಲ್ಲಿ 11 ಎಂಬುದನ್ನೂ ಸೇರಿಸಿ ಹೇಳುವುದನ್ನು ಅವನು ರೂಢಿ ಮಾಡಿಕೊಳ್ಳಬೇಕು.